200 ಹಾಸಿಗೆಯ ಆಸ್ಪತ್ರೆಗೆ ಆರ್‌ಎಫ್‌ಐಡಿ: ಎಲ್ಲದಕ್ಕೂ ಒಂದೇ ಟ್ಯಾಗ್ ಸಾಕಾ?

ಬಯೋಮೆಡ್_ಬನಶಂಕರಿ · ಬೆಳಿಗ್ಗೆ 9:10
ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದ ಒಂದು ಆಸ್ಪತ್ರೆಗೆ ಆರ್‌ಎಫ್‌ಐಡಿ (ರೇಡಿಯೋ ಅಲೆಯಿಂದ ಟ್ಯಾಗ್ ಓದಿ ವಸ್ತು ಗುರುತಿಸೋ ವ್ಯವಸ್ಥೆ) ಕೊಟೇಶನ್ ಬಂದಿದೆ. 200 ಹಾಸಿಗೆ, ಐದು ಮಹಡಿ, ನೆಲಮಾಳಿಗೆಯಲ್ಲಿ ಲಿನನ್ ಸ್ಟೋರ್ ಮತ್ತು ಸಿಎಸ್‌ಎಸ್‌ಡಿ (ಉಪಕರಣ ಕ್ರಿಮಿಶುದ್ಧಿ ಮಾಡೋ ವಿಭಾಗ). ಕೊಟೇಶನ್ ಪ್ರಕಾರ ಪ್ರತಿ ಬಾಗಿಲಿಗೂ ಯುಎಚ್‌ಎಫ್ (ದೂರದಿಂದ ಓದೋ, ಅತಿ ಹೆಚ್ಚು ಆವರ್ತನದ) ರೀಡರ್, ಒಟ್ಟು 40. ರೋಗಿಯ ಕೈಪಟ್ಟಿ, ಇನ್‌ಫ್ಯೂಷನ್ ಪಂಪ್, ಬೆಡ್‌ಶೀಟ್, ರಕ್ತದ ಚೀಲ, ಓಟಿ (ಆಪರೇಷನ್ ಥಿಯೇಟರ್) ಸೆಟ್, ಕೇಸ್ ಶೀಟ್ ಫೈಲು, ಎಲ್ಲದಕ್ಕೂ ಅದೇ ಟ್ಯಾಗ್. ನನ್ನ ಪ್ರಶ್ನೆ ಮೂರು. ಒಂದೇ ತಂತ್ರಜ್ಞಾನ ಎಲ್ಲದಕ್ಕೂ ಆಗುತ್ತಾ? ಐಸಿಯು ಉಪಕರಣಗಳಿಗೆ ತೊಂದರೆ ಇದೆಯಾ? ಮೊದಲು ಯಾವುದಕ್ಕೆ ಟ್ಯಾಗ್ ಹಾಕೋದು? ಕೆಲಸ ಮಾಡಿ ಗೊತ್ತಿರೋರು ವಿವರವಾಗಿ ಹೇಳಿ.

ಆಂಟೆನಾ_ಮಂಜು · 9:31
ಒಂದೇ ತಂತ್ರಜ್ಞಾನ ಆಗಲ್ಲ ಸರ್. ಕಾರಣ ಬೆಂಗಳೂರಿನಲ್ಲಿ ದಿನಾ ಎಲ್ಲರ ಕೈಯಲ್ಲೂ ಇದೆ. ಮೆಟ್ರೋ ಟೋಕನ್ ಕೆಲಸ ಮಾಡೋದು 13.56 ಮೆಗಾಹರ್ಟ್ಸ್‌ನಲ್ಲಿ, ಅಂದ್ರೆ ಎಚ್‌ಎಫ್ (ಹೆಚ್ಚು ಆವರ್ತನ). ಗೇಟಿಗೆ ತಾಗಿಸಿದ ಹಾಗೆ ಹಿಡಿದರೆ ಮಾತ್ರ ಓದುತ್ತೆ. ಎಲೆಕ್ಟ್ರಾನಿಕ್ ಸಿಟಿ ಟೋಲ್‌ನಲ್ಲಿ ಓದೋ ಫಾಸ್ಟ್ಯಾಗ್ ಯುಎಚ್‌ಎಫ್, ಹಲವು ಮೀಟರ್ ದೂರದಿಂದ ಸಿಗುತ್ತೆ. ಎರಡೂ ಆರ್‌ಎಫ್‌ಐಡಿನೇ. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ.

ಎಚ್‌ಎಫ್ ಕಾಂತಕ್ಷೇತ್ರದಿಂದ ನಡೆಯೋದು, ನೀರು ಅದಕ್ಕೆ ಅಡ್ಡಿ ಅಲ್ಲ. ಯುಎಚ್‌ಎಫ್ ಅಲೆಯನ್ನ ನೀರು ಹೀರಿಕೊಳ್ಳುತ್ತೆ, ಲೋಹ ಹಿಂದಕ್ಕೆ ತಳ್ಳುತ್ತೆ. 866 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಸುಮಾರು 35 ಸೆಂ.ಮೀ. ಗೋಡೆಗೆ ಬಡಿದು ಬಂದ ಅಲೆ ನೇರ ಅಲೆಯ ಜೊತೆ ಸೇರಿದಾಗ ಕೆಲವು ಜಾಗದಲ್ಲಿ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಟ್ಯಾಗ್ ಮತ್ತೆ ಕಾಣುತ್ತೆ. ಆಸ್ಪತ್ರೆ ಅಂದ್ರೆ ಸಲೈನ್, ರಕ್ತ, ಮನುಷ್ಯರ ಮೈ, ಸ್ಟೀಲ್ ಟ್ರೇ, ಕಬ್ಬಿಣದ ಮಂಚ. ಯುಎಚ್‌ಎಫ್‌ಗೆ ಆಗದೇ ಇರೋದೆಲ್ಲ ಒಂದೇ ಕಟ್ಟಡದಲ್ಲಿ ಇದೆ.

ಕೋಡ್_ಕೋರಮಂಗಲ · 9:38
ಎರಡು ಬಗೆ ಇಟ್ಟರೆ ಎರಡು ಸಾಫ್ಟ್‌ವೇರ್, ಎರಡು ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ). ಒಂದೇ ಇದ್ದರೆ ನಿರ್ವಹಣೆ ಸುಲಭ ಅಲ್ವಾ?

ವಾರ್ಡ್_ಶಾಲಿನಿ · 9:52
ನಿರ್ವಹಣೆ ಸುಲಭ ಅಂತ ರೋಗಿಯ ಗುರುತು ತಪ್ಪಿಸೋಕಾಗುತ್ತಾ ಸರ್? ಕೈಪಟ್ಟಿಯ ವಿಷಯ ಗಮನವಿಟ್ಟು ಓದಿ.

ಔಷಧಿ ಕೊಡೋ ಮುಂಚೆ ನರ್ಸ್ ಕೈಪಟ್ಟಿ ಓದಿಸೋದು "ನನ್ನ ಮುಂದಿರೋ ಈ ರೋಗಿ ಯಾರು" ಅಂತ ಖಾತ್ರಿ ಮಾಡ್ಕೊಳ್ಳೋಕೆ. ಜನರಲ್ ವಾರ್ಡ್‌ನಲ್ಲಿ ಎರಡು ಮಂಚದ ನಡುವೆ ಇರೋದೇ ಒಂದೂವರೆ ಎರಡು ಮೀಟರ್. ಯುಎಚ್‌ಎಫ್ ಹ್ಯಾಂಡ್‌ಹೆಲ್ಡ್ ಒತ್ತಿದರೆ ಮುಂದಿರೋರ ಪಟ್ಟಿ ಮೈಯ ಕೆಳಗೆ ಸಿಕ್ಕಿಕೊಂಡು ಓದದೆ, ಪಕ್ಕದ ಮಂಚದವರದ್ದು ಓದಬಹುದು. ಪರದೆ ಮೇಲೆ ಹಸಿರು ಟಿಕ್ ಬರುತ್ತೆ, ಹೆಸರು ಮಾತ್ರ ಬೇರೆಯವರದ್ದು. ದೂರದಿಂದ ಓದೋದು ಇಲ್ಲಿ ಅನುಕೂಲ ಅಲ್ಲ, ಅಪಾಯ.

ಸಾಮಾನ್ಯ ವಾರ್ಡ್‌ಗೆ ಥರ್ಮಲ್ ಪ್ರಿಂಟ್ ಮಾಡಿದ 2ಡಿ ಬಾರ್‌ಕೋಡ್ ಪಟ್ಟಿ ಸಾಕು. ಪಟ್ಟಿ ಕೈ ಸುತ್ತ ಬಳಸಿರುತ್ತೆ, ಉದ್ದ ಗೆರೆಯ ಬಾರ್‌ಕೋಡ್ ಬಾಗಿದರೆ ಸ್ಕ್ಯಾನರ್‌ಗೆ ಸಿಗಲ್ಲ. ಹಾಗಾಗಿ ಚೌಕದ ಕೋಡನ್ನೇ ಮೂರು ನಾಲ್ಕು ಕಡೆ ಮುದ್ರಿಸಿ. ಐಸಿಯು, ಎನ್‌ಐಸಿಯು (ನವಜಾತ ಶಿಶುಗಳ ಐಸಿಯು), ಡಯಾಲಿಸಿಸ್ ಕಡೆ ಪಟ್ಟಿ ಹೊದಿಕೆಯೊಳಗೆ ಇರುತ್ತೆ, ಒದ್ದೆ ಆಗುತ್ತೆ, ರಾತ್ರಿ ದೀಪ ಹಾಕಿದರೆ ರೋಗಿಗೆ ನಿದ್ದೆ ಕೆಡುತ್ತೆ. ಅಲ್ಲಿ ಎಚ್‌ಎಫ್ ಪಟ್ಟಿಗೆ ಅರ್ಥ ಇದೆ. ಹೊದಿಕೆ ಮೇಲಿಂದಲೇ ಎರಡು ಮೂರು ಸೆಂ.ಮೀ. ಹತ್ತಿರ ಹಿಡಿದರೆ ಓದುತ್ತೆ, ಪಕ್ಕದ ಮಂಚದ್ದು ಓದೋ ಸಾಧ್ಯತೆನೇ ಇಲ್ಲ. ಎನ್‌ಎಫ್‌ಸಿ ಇರೋ ಫೋನೇ ರೀಡರ್ ಆಗುತ್ತೆ.

ಟ್ಯಾಗ್ ಇದ್ದರೂ ಹೆಸರು, ಆಸ್ಪತ್ರೆ ಸಂಖ್ಯೆ ಎರಡನ್ನೂ ಬಾಯಿಬಿಟ್ಟು ಕೇಳಿ ನೋಡೋ ಪದ್ಧತಿ ಬಿಡಬಾರದು. ಎರಡು ಗುರುತು ಅನ್ನೋ ನಿಯಮ ಯಂತ್ರ ಬಂತು ಅಂತ ಹೋಗಲ್ಲ.

ಕೋಡ್_ಕೋರಮಂಗಲ · 10:01
ಪಕ್ಕದ ಮಂಚದ ವಿಷಯ ಯೋಚಿಸಿರಲಿಲ್ಲ ಮೇಡಂ, ಒಪ್ಪಿದೆ. ಪವರ್ ಕಡಿಮೆ ಮಾಡಿದರೆ ಯುಎಚ್‌ಎಫ್‌ನಲ್ಲೂ ಹತ್ತಿರಕ್ಕೆ ಸೀಮಿತ ಮಾಡಬಹುದಲ್ಲ?

ಆಂಟೆನಾ_ಮಂಜು · 10:06
ಮಾಡಬಹುದು, ಆದರೆ ಖಾತ್ರಿ ಇಲ್ಲ. ಪವರ್ ಇಳಿಸಿದಾಗ ಮೈಗೆ ಅಂಟಿದ ಟ್ಯಾಗ್ ಮೊದಲು ಮಾಯ ಆಗುತ್ತೆ. ಗಾಳಿಯಲ್ಲಿ ತೂಗಾಡ್ತಿರೋ ಪಕ್ಕದವರ ಟ್ಯಾಗ್ ಉಳಿಯುತ್ತೆ. ನಮಗೆ ಬೇಕಾದ್ದು ಇದರ ತದ್ವಿರುದ್ಧ.

ಬ್ಲಡ್‌ಬ್ಯಾಂಕ್_ಬಸವೇಶ್ವರನಗರ · 10:25
ರಕ್ತದ ಚೀಲಕ್ಕೂ ಇದೇ ತರ್ಕ. ತುಂಬಿದ ಚೀಲ ಅಂದ್ರೆ ಬಹುತೇಕ ನೀರೇ. ಅಂತರರಾಷ್ಟ್ರೀಯ ರಕ್ತಪೂರಣ ಸಂಘ 2010ರ ಮಾರ್ಗಸೂಚಿಯಲ್ಲಿ 13.56 ಮೆಗಾಹರ್ಟ್ಸ್ ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ. ಐಎಸ್‌ಓ 15693 ಜಾತಿಯ ಟ್ಯಾಗ್ ತಗೊಳ್ಳಿ. ರಕ್ತದ ಚೀಲಕ್ಕೆ ಹಾಕೋ ಐಎಸ್‌ಬಿಟಿ 128 ಬಾರ್‌ಕೋಡ್ ಲೇಬಲ್ ತೆಗೀಬೇಡಿ, ಟ್ಯಾಗ್ ಅದರ ಜೊತೆಗೆ ಇರಬೇಕು. ಟ್ಯಾಗ್ ಸತ್ತರೆ ಚೀಲ ಅನಾಥ ಆಗಬಾರದು.

ಕೈಕೊಡೋ ಜಾಗಗಳು: ಫ್ರಿಜ್ 2ರಿಂದ 6 ಡಿಗ್ರಿ, ಚೀಲ ಹೊರಗೆ ತೆಗೆದ ಕೂಡಲೇ ಬೆವರುತ್ತೆ. ಕಾಗದದ ಲೇಬಲ್ ಅಂಚು ಏಳುತ್ತೆ. ಸಿಂಥೆಟಿಕ್ ಲೇಬಲ್ ಬೇಕು, ಅಂಟು ಪಿವಿಸಿ ಚೀಲದ ಒಳಕ್ಕೆ ಇಳಿಯದ ಬಗೆಯದ್ದೇ ಇರಬೇಕು. ಇದನ್ನ ತಯಾರಕರಿಂದ ಬರವಣಿಗೆಯಲ್ಲಿ ತಗೊಳ್ಳಿ. ಸೆಂಟ್ರಿಫ್ಯೂಜ್‌ನಲ್ಲಿ 5000 ಜಿ ವರೆಗೂ ಒತ್ತಡ ಬೀಳುತ್ತೆ, ಚಿಪ್ ಇರೋ ಉಬ್ಬು ಮಡಿಕೆ ಮೇಲೆ ಬಂದರೆ ಆಂಟೆನಾ ಬಿರುಕು ಬಿಡುತ್ತೆ. ಚೀಲಗಳನ್ನ ಒಂದರ ಮೇಲೊಂದು ಜೋಡಿಸಿದರೆ ಟ್ಯಾಗ್‌ಗಳು ನೇರಾನೇರ ಕೂತು ಒಂದರ ಶ್ರುತಿ ಇನ್ನೊಂದು ಕೆಡಿಸುತ್ತೆ. ಬುಟ್ಟಿಯಲ್ಲಿ ನಿಲ್ಲಿಸಿ ಇಡಿ.

ನೈಟ್‌ಶಿಫ್ಟ್_ಎನ್‌ಆರ್‌ಕಾಲೋನಿ · 10:33
ಇರ್ರೇಡಿಯೇಟ್ ಮಾಡೋ (ವಿಕಿರಣ ಕೊಡೋ) ರಕ್ತಕ್ಕೆ ಟ್ಯಾಗ್ ಹಾಕೋ ಹಾಗೇ ಇಲ್ಲ. ಗಾಮಾ ಕಿರಣ ಮೆಮೊರಿ ಅಳಿಸುತ್ತೆ.

ಬ್ಲಡ್‌ಬ್ಯಾಂಕ್_ಬಸವೇಶ್ವರನಗರ · 10:37
ಎರಡು ಬೇರೆ ಪ್ರಮಾಣ ಬೆರೆಸ್ತಿದ್ದೀರಿ ಸರ್. ರಕ್ತಕ್ಕೆ ಕೊಡೋದು 25 ಗ್ರೇ (ವಿಕಿರಣದ ಅಳತೆ). ಸಿರಿಂಜ್, ಗ್ಲೌಸ್ ಕ್ರಿಮಿಶುದ್ಧಿಗೆ ಕೊಡೋದು 25 ಕಿಲೋಗ್ರೇ, ಸಾವಿರ ಪಟ್ಟು. ಮಾಮೂಲಿ ಇಇಪ್ರಾಮ್ ಮೆಮೊರಿಯ ಚಿಪ್ ಹಾಳಾಗೋದು ಎರಡನೆಯದರಲ್ಲಿ. ಅದಕ್ಕೆ ಎಫ್‌ರ‍್ಯಾಮ್ ಅನ್ನೋ, ಗಾಮಾ ತಡೆಯೋ ಮೆಮೊರಿಯ ಟ್ಯಾಗ್ ಇದೆ.

ನೈಟ್‌ಶಿಫ್ಟ್_ಎನ್‌ಆರ್‌ಕಾಲೋನಿ · 10:40
ಸರಿ, ತಿದ್ದಿಕೊಂಡೆ. ಥ್ಯಾಂಕ್ಸ್.

ಮಲ್ಲೇಶ್ವರಂ_ಮೀಟರ್ · 10:58
ಐಸಿಯು ಪ್ರಶ್ನೆಗೆ ಯಾರೂ ಬಂದಿಲ್ಲ. ಆರ್‌ಎಫ್‌ಐಡಿಯಿಂದ ವೆಂಟಿಲೇಟರ್ ನಿಂತುಹೋಗುತ್ತೆ ಅಂತ ವಿದೇಶದಲ್ಲಿ ಸಾಬೀತಾಗಿದೆ. ಐಸಿಯುನಲ್ಲಿ ಹಾಕಲೇಬಾರದು.

ಆಂಟೆನಾ_ಮಂಜು · 11:20
ಅರ್ಧ ಸರಿ. ನೀವು ಹೇಳ್ತಿರೋದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದು, 2008ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪತ್ರಿಕೆಯಲ್ಲಿ ಬಂದ ಪರೀಕ್ಷೆ. 41 ಉಪಕರಣ, 123 ಪರೀಕ್ಷೆ, 34 ಬಾರಿ ಅಡಚಣೆ, ಅದರಲ್ಲಿ 22 ಅಪಾಯಕಾರಿ ಅಂತ ವರ್ಗೀಕರಿಸಿದರು. ಯಾವ ಉಪಕರಣವೂ ರೋಗಿಗೆ ಜೋಡಿಸಿರಲಿಲ್ಲ. ಅಡಚಣೆ ಆದಾಗ ರೀಡರ್ ಇದ್ದ ದೂರದ ಮಧ್ಯಾಂಕ 30 ಸೆಂ.ಮೀ., ಆದರೆ ಒಂದು ಕಡೆ 6 ಮೀಟರ್‌ನಿಂದಲೂ ಆಗಿದೆ. ಹೆಚ್ಚು ತೊಂದರೆ ಕೊಟ್ಟಿದ್ದು 868 ಮೆಗಾಹರ್ಟ್ಸ್‌ನ ಪ್ಯಾಸಿವ್ (ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲದ) ವ್ಯವಸ್ಥೆ, ಅಂದ್ರೆ ನಮ್ಮ ಕೊಟೇಶನ್‌ನಲ್ಲಿ ಇರೋ ಜಾತಿಯೇ.

ಒಂದು ಮಾತು ಸ್ಪಷ್ಟ ಇರಲಿ: ತೊಂದರೆ ಕೊಡೋದು ಟ್ಯಾಗ್ ಅಲ್ಲ, ರೀಡರ್. ಪ್ಯಾಸಿವ್ ಟ್ಯಾಗ್‌ಗೆ ತನ್ನದೇ ಶಕ್ತಿ ಇಲ್ಲ. ಹಾಗಾಗಿ ಐಸಿಯುನಲ್ಲಿ ಟ್ಯಾಗ್ ಅಂಟಿಸಿದ ಪಂಪ್ ಇರಬಹುದು, ಮಂಚದ ಪಕ್ಕ 1 ವಾಟ್ ಯುಎಚ್‌ಎಫ್ ರೀಡರ್ ಇರಬಾರದು. ರೀಡರ್ ಐಸಿಯು ಬಾಗಿಲಿನ ಹೊರಗೆ, ಕಾರಿಡಾರ್ ಕಡೆಗೆ ಮುಖ ಮಾಡಿರಲಿ.

ಬಯೋಮೆಡ್_ಬನಶಂಕರಿ · 11:27
ಉಪಕರಣಕ್ಕೆ 60601 (ವೈದ್ಯಕೀಯ ಉಪಕರಣದ ಸುರಕ್ಷತೆ ಮಾನದಂಡ) ಪ್ರಮಾಣಪತ್ರ ಇದ್ದರೆ ಸಾಕಲ್ವಾ?

ಆಂಟೆನಾ_ಮಂಜು · 11:41
ಯಾವ ಆವೃತ್ತಿ ಅಂತ ನೋಡಿ. ಐಇಸಿ 60601-1-2ಕ್ಕೆ 2020ರಲ್ಲಿ ಬಂದ ತಿದ್ದುಪಡಿಯಲ್ಲೇ 134.2 ಕಿಲೋಹರ್ಟ್ಸ್, 13.56 ಮೆಗಾಹರ್ಟ್ಸ್ ಹತ್ತಿರದ ಕಾಂತಕ್ಷೇತ್ರದ ಪರೀಕ್ಷೆ ಸೇರಿದ್ದು. ಹಳೇ ಪಂಪ್‌ಗೆ ಅದು ಆಗಿರಲ್ಲ. ಆರ್‌ಎಫ್‌ಐಡಿ ರೀಡರ್ ಹತ್ತಿರ ಇದ್ದಾಗ ಉಪಕರಣ ತಡೆಯುತ್ತಾ ಅಂತ ನೋಡೋಕೇ ಎಐಎಂ 7351731 ಅನ್ನೋ ಪರೀಕ್ಷಾ ಮಾನದಂಡ ಇದೆ, ಖರೀದಿ ಪತ್ರದಲ್ಲಿ ಬರೆಸಿ.

ಹಳೇ ಉಪಕರಣಕ್ಕೆ ಖಾಲಿ ಕೋಣೆಯಲ್ಲಿ ನೀವೇ ನೋಡಿ, ರೋಗಿ ಹತ್ತಿರ ಬೇಡವೇ ಬೇಡ. ಪಂಪ್‌ಗೆ ಸಲೈನ್ ಹಾಕಿ ಗಂಟೆಗೆ 5 ಎಂಎಲ್‌ನಲ್ಲಿ ಓಡಿಸಿ. ರೀಡರ್ ಪೂರ್ತಿ ಪವರ್‌ನಲ್ಲಿ 2 ಮೀಟರ್‌ನಿಂದ ನಿಧಾನವಾಗಿ ಹತ್ತಿರ ತನ್ನಿ, ನಾಲ್ಕೂ ಬದಿಯಿಂದ, ಆಂಟೆನಾ ಅಡ್ಡ ಮತ್ತು ಉದ್ದ ಹಿಡಿದು. ಅಲಾರಂ, ದರ ಬದಲಾವಣೆ, ಪರದೆ ಮಿನುಗು, ಏನಾದರೂ ಕಂಡ ದೂರ ಬರೆದಿಟ್ಟು, ಅದರ ಎರಡರಷ್ಟು ದೂರವನ್ನ ಆ ಮಾದರಿಯ ಕನಿಷ್ಠ ಅಂತರ ಅಂತ ಇಟ್ಟುಕೊಳ್ಳಿ. ಹೊರಗಿನಿಂದ ಜೋಡಿಸೋ ತಾತ್ಕಾಲಿಕ ಪೇಸ್‌ಮೇಕರ್ ಮತ್ತು ಸಿರಿಂಜ್ ಪಂಪ್ ಬಿಡದೆ ಪರೀಕ್ಷಿಸಿ.

ಎಸ್‌ಪಿರೋಡ್_ಸರ್ಕ್ಯೂಟ್ · 11:55
ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಯುಎಚ್‌ಎಫ್ ಆರ್‌ಎಫ್‌ಐಡಿಗೆ ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿ ಪಟ್ಟಿ ಮೊದಲು 865ರಿಂದ 867 ಮೆಗಾಹರ್ಟ್ಸ್ ಇತ್ತು, 2021ರಲ್ಲಿ 868ಕ್ಕೆ ವಿಸ್ತರಿಸಿದರು. ಟ್ರಾನ್ಸ್‌ಮಿಟರ್ ಗರಿಷ್ಠ 1 ವಾಟ್. ಅಮೆರಿಕದ್ದು 902ರಿಂದ 928. ಅಲ್ಲಿಂದ ತಂದ ರೀಡರ್ ಹಾಗೇ ಚಾಲೂ ಮಾಡಿದರೆ ನಮ್ಮ ಮೊಬೈಲ್ ಫೋನ್ ಟವರ್‌ಗೆ ಕಳಿಸೋ 890ರಿಂದ 915ರ ಮೇಲೆ ಬೀಳುತ್ತೆ. ಇದು ಕಾನೂನುಬಾಹಿರ, ವಾರ್ಡ್‌ನಲ್ಲಿ ಫೋನ್ ಕರೆನೂ ಕೆಡುತ್ತೆ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡೋ ಇಟಿಎ (ಉಪಕರಣ ಅನುಮೋದನೆ) ಪ್ರಮಾಣಪತ್ರದ ಪ್ರತಿ ಕೇಳಿ, ಮಾದರಿ ಸಂಖ್ಯೆ ಡಬ್ಬಿ ಮೇಲಿರೋದಕ್ಕೆ ತಾಳೆ ಆಗಬೇಕು. ರೀಜನ್ ಸೆಟ್ಟಿಂಗ್ ಪಾಸ್‌ವರ್ಡ್ ಹಾಕಿ ಬೀಗ ಮಾಡಿಸಿ.

ಟೋಲ್_ತುಮಕೂರುರಸ್ತೆ · 12:02
ಸ್ವಲ್ಪ ಬೇರೆ ವಿಷಯ, ಕಾರಿನ ಗಾಜಿಗೆ ಲೋಹದ ಪದರದ ಫಿಲ್ಮ್ ಇದ್ದರೆ ಫಾಸ್ಟ್ಯಾಗ್ ಓದಲ್ಲ ಅಂತಾರಲ್ಲ, ಅದೂ ಇದೇ ಕಾರಣನಾ?

ಎಸ್‌ಪಿರೋಡ್_ಸರ್ಕ್ಯೂಟ್ · 12:05
ಅದೇ. ಆಸ್ಪತ್ರೆಯಲ್ಲೂ ಸ್ಟೆಂಟ್, ಹೊಲಿಗೆ ದಾರದ ಅಲ್ಯೂಮಿನಿಯಂ ಫಾಯಿಲ್ ಪ್ಯಾಕೆಟ್ ಮೇಲೆ ಸಾದಾ ಟ್ಯಾಗ್ ಅಂಟಿಸಿದರೆ ಸತ್ತ ಹಾಗೇ. ಹೊರಗಿನ ರಟ್ಟಿನ ಡಬ್ಬಿಯಲ್ಲಿ, ಫಾಯಿಲ್ ತಾಗದ ಮಗ್ಗುಲಿಗೆ ಅಂಟಿಸಬೇಕು. ಇಲ್ಲಾಂದ್ರೆ ಬಾವುಟದ ಹಾಗೆ ಹೊರಗೆ ಚಾಚಿಕೊಂಡಿರೋ ಟ್ಯಾಗ್ ತಗೊಳ್ಳಿ.

ಲಿನನ್_ಲೆಕ್ಕ · 12:30
ಮೊದಲು ಯಾವುದು ಅಂತ ಕೇಳಿದಿರಿ. ನನ್ನ ಅಭಿಪ್ರಾಯದಲ್ಲಿ ಲಿನನ್. ಯುಎಚ್‌ಎಫ್‌ಗೆ ಆಸ್ಪತ್ರೆಯಲ್ಲಿ ಅತ್ಯಂತ ಒಗ್ಗೋ ಕೆಲಸ ಇದು. ತಪ್ಪಾದರೂ ರೋಗಿಗೆ ಹಾನಿ ಇಲ್ಲ, ಲಾಂಡ್ರಿಗೆ ಹೋದದ್ದೆಷ್ಟು ಬಂದದ್ದೆಷ್ಟು ಅನ್ನೋ ಜಗಳವೂ ನಿಲ್ಲುತ್ತೆ.

ಲೆಕ್ಕ ಹೀಗೆ: ಹಾಸಿಗೆಗೆ ನಾಲ್ಕು ಸೆಟ್ ಇಟ್ಟರೆ 800 ಸೆಟ್. ಒಂದು ಸೆಟ್‌ಗೆ ಎರಡು ಬೆಡ್‌ಶೀಟ್, ಒಂದು ದಿಂಬಿನ ಕವರ್, ಒಂದು ಗೌನ್ ಅಂದ್ರೆ 3,200 ಟ್ಯಾಗ್. ಓಟಿ ಲಿನನ್ ಬೇರೆ. ಬಟ್ಟೆ ಟ್ಯಾಗ್ ಸಾಮಾನ್ಯವಾಗಿ 200 ತೊಳೆತಕ್ಕೆ ಖಾತ್ರಿ ಕೊಡ್ತಾರೆ. ಅಂಚಿನ ಮಡಿಕೆಯೊಳಗೆ ಹೊಲಿಯಿರಿ, ಬರೀ ಅಂಟಿಸಿದ್ದು ಇಸ್ತ್ರಿ ರೋಲರ್‌ನ 180 ಡಿಗ್ರಿಯಲ್ಲಿ ಕಿತ್ತು ಬರುತ್ತೆ. ಎಲ್ಲ ಶೀಟ್‌ಗೂ ಒಂದೇ ಮೂಲೆಯಲ್ಲಿ ಹೊಲಿಯಬೇಡಿ. ಮಡಿಸಿ ಪೇರಿಸಿದಾಗ 20 ಟ್ಯಾಗ್ ಒಂದರ ಮೇಲೊಂದು ಕೂತು ಒಂದರ ನೆರಳು ಇನ್ನೊಂದಕ್ಕೆ ಬೀಳುತ್ತೆ. ಮೂರು ನಾಲ್ಕು ಜಾಗ ಬದಲಿಸಿ ಹೊಲಿಯಿರಿ.

ಎಣಿಸೋದು ಯಾವಾಗ ಅನ್ನೋದೇ ಮುಖ್ಯ. ಕೊಳೆ ಗಂಟು ಒದ್ದೆ ಇರುತ್ತೆ, ಒತ್ತಿ ಕಟ್ಟಿರ್ತಾರೆ, ಮಧ್ಯದಲ್ಲಿರೋದು ಓದಲ್ಲ. ಒಗೆದು ಒಣಗಿಸಿ ಬಂದ ಎಣಿಕೆಯನ್ನೇ ಬಿಲ್ಲಿಗೆ ಆಧಾರ ಮಾಡಿಕೊಳ್ಳಿ, ಕೊಳೆ ಎಣಿಕೆ ಅಂದಾಜಿಗೆ ಮಾತ್ರ. ಸೋಂಕಿನ ರೋಗಿಯ ಲಿನನ್ ಗಂಟು ಬಿಚ್ಚಿ ಎಣಿಸೋದು ಬೇಡ. ಇಲ್ಲಿ ಯುಎಚ್‌ಎಫ್‌ನ ನಿಜವಾದ ಲಾಭ ಇದೆ, ಚೀಲ ಬಿಚ್ಚದೆಯೇ ಸಿಕ್ಕಷ್ಟು ಓದಬಹುದು.

ಕೋಡ್_ಕೋರಮಂಗಲ · 12:44
ನೂರಾರು ಟ್ಯಾಗ್ ಒಟ್ಟಿಗೆ ಉತ್ತರ ಕೊಟ್ಟರೆ ಗಲಾಟೆ ಆಗಲ್ವಾ? ರೀಡರ್‌ನಲ್ಲಿ ಸೆಷನ್ ಅಂತ ಒಂದು ಸೆಟ್ಟಿಂಗ್ ಇದೆಯಲ್ಲ, ಯಾವುದು ಇಡಬೇಕು?

ಲಿನನ್_ಲೆಕ್ಕ · 12:58
ಬಟ್ಟೆ ಇಟ್ಟು ಎಣಿಸೋ ಪೆಟ್ಟಿಗೆಗೆ ಎಸ್2. ಒಮ್ಮೆ ಓದಿದ ಟ್ಯಾಗ್ ಶಕ್ತಿ ಸಿಗ್ತಿರೋವರೆಗೂ, ಶಕ್ತಿ ಹೋದ ಮೇಲೂ ಕನಿಷ್ಠ 2 ಸೆಕೆಂಡು ಸುಮ್ಮನಿರುತ್ತೆ. ಜೋರಾಗಿ ಕೂಗೋರು ಸುಮ್ಮನಾದರೆ ಒಳಗೆ ಸಿಕ್ಕಿಕೊಂಡ ಕ್ಷೀಣ ಟ್ಯಾಗ್‌ಗೆ ಮಾತಾಡೋ ಅವಕಾಶ ಸಿಗುತ್ತೆ. ಬಾಗಿಲಿಗೆ ಎಸ್0 ಅಥವಾ ಎಸ್1, ಯಾಕಂದ್ರೆ ಒಳಗೆ ಹೋಯ್ತಾ ಹೊರಗೆ ಬಂತಾ ಅಂತ ತಿಳಿಯೋಕೆ ಒಂದೇ ಟ್ಯಾಗ್ ಪದೇ ಪದೇ ಓದಬೇಕು. ಎರಡೂ ಕಡೆ ಒಂದೇ ಸೆಟ್ಟಿಂಗ್ ಹಾಕಿ ಬಿಟ್ಟರೆ ಪೆಟ್ಟಿಗೆಯಲ್ಲಿ ಎಣಿಕೆ ಕಮ್ಮಿ ಬರುತ್ತೆ, ಇಲ್ಲಾಂದ್ರೆ ಬಾಗಿಲಲ್ಲಿ ದಿಕ್ಕು ತಪ್ಪುತ್ತೆ.

ಕ್ಲೀನ್‌ರೂಂ_ಕವಿತಾ · 1:20
ಸಿಎಸ್‌ಎಸ್‌ಡಿ ಬಗ್ಗೆ. ಒಂದೊಂದು ಕತ್ತರಿ, ಫೋರ್ಸೆಪ್ಸ್‌ಗೂ ಟ್ಯಾಗ್ ಅಂತ ಕೊಟೇಶನ್‌ನಲ್ಲಿದ್ದರೆ ಅದನ್ನ ತೆಗೆಸಿ. ಸೆಟ್‌ಗೆ ಒಂದು, ಅಂದ್ರೆ ಟ್ರೇಗೆ ಒಂದು ಟ್ಯಾಗ್ ಸಾಕು. ಉಪಕರಣಕ್ಕೆ ಲೇಸರ್‌ನಲ್ಲಿ ಕೊರೆದ ಡೇಟಾ ಮ್ಯಾಟ್ರಿಕ್ಸ್ (ಚೌಕದ ಕೋಡ್) ಗುರುತು ವಾಸಿ. ಸ್ಟೀಲ್ ಮೇಲೆ ಅಂಟಿಸಿದ ಪ್ರತಿ ಟ್ಯಾಗ್ ಕೆಳಗೂ ಸಂದು ಉಂಟಾಗುತ್ತೆ, ಆ ಸಂದಿನಲ್ಲಿ ರಕ್ತ ಕೂತರೆ ಬ್ರಷ್ ತಲುಪಲ್ಲ.

ಟ್ರೇ ಟ್ಯಾಗ್ ಲೋಹದ ಮೇಲೆ ಓದೋ ಜಾತಿಯದ್ದು ಆಗಬೇಕು, 134 ಡಿಗ್ರಿ ಹಬೆ, ಅದಕ್ಕೂ ಮುಂಚಿನ ವ್ಯಾಕ್ಯೂಮ್ ಎರಡನ್ನೂ ತಡೀಬೇಕು. ಡೇಟಾಶೀಟ್‌ನಲ್ಲಿ "150 ಡಿಗ್ರಿ" ಅಂತ ಬರೀ ಶಾಖದ ಅಂಕಿ ಕೊಟ್ಟಿರ್ತಾರೆ, ಅದನ್ನ ನಂಬಬೇಡಿ. ಎಷ್ಟು ಆಟೋಕ್ಲೇವ್ ಸೈಕಲ್ ಅಂತ ಕೇಳಿ. ಟ್ಯಾಗ್ ಹೆಚ್ಚಾಗಿ ಸಾಯೋದು ಬಿಸಿಗಲ್ಲ, ಒತ್ತಡ ಏರಿಳಿದಾಗ ಸೀಲ್ ಬಿರುಕಿಂದ ಹಬೆ ಒಳಗೆ ನುಗ್ಗೋದಕ್ಕೆ. ದಿನಕ್ಕೆ ಎರಡು ಸೈಕಲ್ ಅಂದ್ರೆ ವರ್ಷಕ್ಕೆ 700 ದಾಟುತ್ತೆ, ಆ ಲೆಕ್ಕದಲ್ಲಿ ಬಾಳಿಕೆ ಅಳೆಯಿರಿ.

ಹಾಗೇ, ಟ್ಯಾಗ್ ಓದಿತು ಅಂದ್ರೆ ಸೆಟ್ ಕ್ರಿಮಿಶುದ್ಧ ಆಯ್ತು ಅಂತಲ್ಲ. ಟ್ರೇ ಯಂತ್ರದ ಒಳಗೆ ಹೋಗಿ ಹೊರಗೆ ಬಂತು ಅಂತ ಮಾತ್ರ. ಕ್ರಿಮಿಶುದ್ಧಿ ಆಯ್ತಾ ಅಂತ ತೋರಿಸೋ ಕೆಮಿಕಲ್ ಇಂಡಿಕೇಟರ್, ಬಯಾಲಜಿಕಲ್ ಇಂಡಿಕೇಟರ್ ಫಲಿತಾಂಶ ಆ ಸೈಕಲ್ ಸಂಖ್ಯೆಗೆ ಕೂಡಿಸೋವರೆಗೂ ಸಾಫ್ಟ್‌ವೇರ್ "ಸಿದ್ಧ" ಅಂತ ತೋರಿಸಲೇಬಾರದು.

ಮಲ್ಲೇಶ್ವರಂ_ಮೀಟರ್ · 1:28
ಆಪರೇಷನ್ ವೇಳೆ ಹೊಟ್ಟೆಯಲ್ಲಿ ಉಳಿಯೋ ಮಾಪ್ (ರಕ್ತ ಒರೆಸೋ ಬಟ್ಟೆ) ಹುಡುಕೋಕೂ ಇದು ಬರುತ್ತಾ?

ಕ್ಲೀನ್‌ರೂಂ_ಕವಿತಾ · 1:35
ಎರಡು ಬಗೆ ಇದೆ. ಒಂದು "ಇಲ್ಲಿ ಏನೋ ಇದೆ" ಅಂತ ಮಾತ್ರ ಹೇಳುತ್ತೆ, ಇನ್ನೊಂದು ಯಾವ ಮಾಪ್ ಅಂತ ಸಂಖ್ಯೆ ಸಮೇತ ಹೇಳುತ್ತೆ. ಎರಡೂ ಕೈಯಲ್ಲಿ ಎಣಿಸೋ ಪದ್ಧತಿಗೆ ಜೊತೆ, ಬದಲಿ ಅಲ್ಲ. ಎಣಿಕೆ ತಪ್ಪಿದರೆ ಎಕ್ಸ್‌ರೇ ಇದ್ದೇ ಇದೆ.

ಬಯೋಮೆಡ್_ಬನಶಂಕರಿ · 2:10
ಪಂಪ್, ವೀಲ್‌ಚೇರ್, ಇಸಿಜಿ ಯಂತ್ರ ಹುಡುಕೋದಕ್ಕೆ 40 ಬಾಗಿಲಿಗೂ ರೀಡರ್ ಬೇಕಾ?

ಆಂಟೆನಾ_ಮಂಜು · 2:32
ಬೇಡ. ಲಿಫ್ಟ್ ಲಾಬಿ ನೆಲಮಾಳಿಗೆ ಸೇರಿ ಪ್ರತಿ ಮಹಡಿಗೆ ಒಂದು, ಐಸಿಯು ಹೊರಗೆ, ಓಟಿ ಹೊರಗೆ, ಬಯೋಮೆಡಿಕಲ್ ವರ್ಕ್‌ಶಾಪ್, ಆಂಬುಲೆನ್ಸ್ ಬಾಗಿಲು. ಹತ್ತು ಜಾಗಕ್ಕೆ ಮುಗಿಯುತ್ತೆ. ಪ್ಯಾಸಿವ್ ವ್ಯವಸ್ಥೆ "ಈಗ ಎಲ್ಲಿದೆ" ಹೇಳಲ್ಲ, "ಕೊನೆಗೆ ಯಾವ ಬಾಗಿಲು ದಾಟಿತು" ಹೇಳುತ್ತೆ. ಮೂರನೇ ಮಹಡಿ ಅಂತ ಗೊತ್ತಾದರೆ ಹುಡುಕೋರಿಗೆ ಸಾಕು. ಕೋಣೆಯ ಮಟ್ಟಕ್ಕೆ ಬೇಕಾದರೆ ಬ್ಯಾಟರಿ ಇರೋ ಬಿಎಲ್‌ಇ (ಕಡಿಮೆ ಶಕ್ತಿಯ ಬ್ಲೂಟೂತ್) ಟ್ಯಾಗ್. ಆದರೆ ಆ ಬ್ಯಾಟರಿ ಬದಲಿಸೋ ಜವಾಬ್ದಾರಿ ಯಾರದು ಅಂತ ಮೊದಲೇ ಹೆಸರು ಬರೀರಿ.

ಅಳವಡಿಕೆಯಲ್ಲಿ ಹೆಚ್ಚು ಕೆಡೋದು ಕೇಬಲ್. ಆರ್‌ಜಿ-58 ಅನ್ನೋ ತೆಳು ಕೇಬಲ್ ಹತ್ತು ಮೀಟರ್ ಎಳೆದರೆ ಸುಮಾರು 5 ಡೆಸಿಬೆಲ್ ಹೋಗುತ್ತೆ, ಅಂದ್ರೆ 1 ವಾಟ್‌ನಲ್ಲಿ ಆಂಟೆನಾ ತಲುಪೋದು ಮೂರನೇ ಒಂದು ಭಾಗ. ಎಲ್‌ಎಂಆರ್-400 ಆದರೆ ಒಂದೂಕಾಲು ಡೆಸಿಬೆಲ್ ಆಸುಪಾಸು. ದಪ್ಪ ಕೇಬಲ್, ಬಗ್ಗಿಸೋದು ಕಷ್ಟ ಅಂತ ಕೆಲಸದವರು ತೆಳು ಹಾಕಿ ಹೋಗ್ತಾರೆ. ಫಾಲ್ಸ್ ಸೀಲಿಂಗ್ ಮುಚ್ಚೋ ಮುಂಚೆ ನೋಡಿ. ಆಂಟೆನಾ ಸರ್ಕ್ಯುಲರ್ ಪೋಲರೈಸೇಷನ್‌ದೇ ಇರಲಿ, ವೀಲ್‌ಚೇರ್ ಯಾವ ಕಡೆ ತಿರುಗಿದರೂ ಸಿಗುತ್ತೆ. ಬಾಗಿಲಿಗೆ ಎರಡೂ ಬದಿ ಒಂದೊಂದು, ತಳ್ಳೋರ ಮೈ ಒಂದನ್ನ ಮರೆಮಾಡಿದರೆ ಇನ್ನೊಂದು ನೋಡುತ್ತೆ. ರೀಡರ್‌ಗೆ ವಿದ್ಯುತ್ ಪಿಓಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಬರೋ ವಿದ್ಯುತ್) ಮೂಲಕ ಕೊಡಿ, ಆ ಸ್ವಿಚ್ ಯುಪಿಎಸ್ ಮೇಲಿರಲಿ. ಕರೆಂಟ್ ಹೋಗಿ ಹತ್ತು ಸೆಕೆಂಡಲ್ಲಿ ಜನರೇಟರ್ ಬಂದರೂ, ರೀಡರ್ ಮರುಚಾಲೂ ಆಗೋಕೆ ಒಂದು ನಿಮಿಷ ಹಿಡಿದರೆ ಆ ನಿಮಿಷದಲ್ಲಿ ದಾಟಿದ್ದೆಲ್ಲ ಲೆಕ್ಕ ತಪ್ಪಿತು.

ವಾರ್ಡ್_ಶಾಲಿನಿ · 2:45
ನವಜಾತ ಶಿಶುಗಳ ವಿಷಯ ಯಾರೂ ಎತ್ತಿಲ್ಲ. ಮಗು ಕಳುವಾದರೆ ಆಸ್ಪತ್ರೆಯ ಲೈಸೆನ್ಸ್ ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಕಾಲಿಗೆ ಯುಎಚ್‌ಎಫ್ ಸ್ಟಿಕ್ಕರ್ ಕಟ್ಟಿದರೆ ಆಗುತ್ತಾ?

ಆಂಟೆನಾ_ಮಂಜು · 2:59
ಖಂಡಿತ ಆಗಲ್ಲ. ಮಗುವನ್ನ ಎದೆಗವಚಿಕೊಂಡರೆ ಸಾಕು, ಟ್ಯಾಗ್ ಎರಡು ಮೈಗಳ ನಡುವೆ ಮುಚ್ಚಿಹೋಗುತ್ತೆ. ಬ್ಯಾಟರಿ ಇರೋ ಆಕ್ಟಿವ್ ಟ್ಯಾಗ್ ಬೇಕು: ಪಟ್ಟಿ ಕತ್ತರಿಸಿದರೆ ಅಲಾರಂ, ಸಿಗ್ನಲ್ ನಿಂತರೂ ಅಲಾರಂ. ಪ್ಯಾಸಿವ್‌ನಲ್ಲಿ ಮೌನ ಅಂದ್ರೆ "ಎಲ್ಲ ಸರಿ" ಅಂತ ಆಗಿಬಿಡುತ್ತೆ. ಮಗುವಿನ ಕಾಲು ಮೊದಲ ದಿನಗಳಲ್ಲಿ ತೂಕ ಇಳಿದು ಸಣ್ಣಗಾಗುತ್ತೆ, ಪಟ್ಟಿ ಜಾರುತ್ತೆ. ಪ್ರತಿ ಪಾಳಿಯಲ್ಲೂ ಬಿಗಿ ನೋಡಬೇಕು. ಬಾಗಿಲಿನ ಬೀಗಕ್ಕೆ ಕೂಡಿಸಿದರೆ ಬೆಂಕಿ ಅಲಾರಂ ಬಂದಾಗ ಬಾಗಿಲು ತಾನಾಗಿ ತೆರೆದುಕೊಳ್ಳಲೇಬೇಕು.

ಕೋಡ್_ಕೋರಮಂಗಲ · 3:15
ಗೋಪ್ಯತೆ ಬಗ್ಗೆ ನನ್ನದೊಂದು ಮಾತು. ಟ್ಯಾಗ್‌ನಲ್ಲಿ ಹೆಸರು, ಕಾಯಿಲೆ, ಫೋನ್ ನಂಬರ್ ಏನೂ ಬರೀಬೇಡಿ. 96 ಬಿಟ್‌ನ ಅರ್ಥವಿಲ್ಲದ ಸಂಖ್ಯೆ ಮಾತ್ರ, ಉಳಿದದ್ದು ಸರ್ವರ್‌ನಲ್ಲಿ. ಯುಎಚ್‌ಎಫ್ ಟ್ಯಾಗ್ ಯಾವ ರೀಡರ್ ಕೇಳಿದರೂ ಉತ್ತರ ಕೊಡುತ್ತೆ, ನಿಮ್ಮದೇ ಆಗಬೇಕಿಲ್ಲ. 32 ಬಿಟ್‌ನ ಆಕ್ಸೆಸ್ ಪಾಸ್‌ವರ್ಡ್ ಕಾರ್ಖಾನೆಯಿಂದ ಬರೋವಾಗ ಎಲ್ಲ ಸೊನ್ನೆ. ಅದನ್ನ ಬದಲಿಸಿ ಮೆಮೊರಿಗೆ ಬೀಗ ಹಾಕದಿದ್ದರೆ ಯಾರು ಬೇಕಾದರೂ ಪಂಪ್‌ನ ಸಂಖ್ಯೆ ತಿದ್ದಬಹುದು. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆಯೂ ಇದೆ, ಡಿಸ್ಚಾರ್ಜ್ ಆದ ದಿನವೇ ಕೈಪಟ್ಟಿ ಸಂಖ್ಯೆಗೂ ರೋಗಿಗೂ ಇರೋ ಕೊಂಡಿ ಮುಚ್ಚಿ, ಪಟ್ಟಿ ಕತ್ತರಿಸಿ ಹಾಕಿ.

ಬಯೋಮೆಡ್_ಬನಶಂಕರಿ · 4:05
ಎಲ್ಲರಿಗೂ ತುಂಬಾ ಧನ್ಯವಾದ. ಕೊಟೇಶನ್ ವಾಪಸ್ ಕಳಿಸ್ತಿದ್ದೀನಿ. ಮೊದಲ ಹಂತ ಲಿನನ್ ಮತ್ತು ಹತ್ತು ಜಾಗದ ಪಂಪ್ ಟ್ರ್ಯಾಕಿಂಗ್ ಯುಎಚ್‌ಎಫ್‌ನಲ್ಲಿ, ಕೈಪಟ್ಟಿ ಬಾರ್‌ಕೋಡ್, ಐಸಿಯು ಮತ್ತು ಬ್ಲಡ್‌ಬ್ಯಾಂಕ್ ಎಚ್‌ಎಫ್, ಶಿಶು ವಾರ್ಡ್ ಪ್ರತ್ಯೇಕ ಟೆಂಡರ್. ಹಣ ಕೊಡೋ ಮುಂಚೆ ಯಾವ ಪರೀಕ್ಷೆ ಮಾಡಿಸಲಿ?

ಲಿನನ್_ಲೆಕ್ಕ · 4:21
ಗುರುತು ಹಾಕಿದ 100 ಶೀಟ್, ಹತ್ತು ಸಲ ಪೆಟ್ಟಿಗೆಗೆ. ಒಣಗಿದ್ದಕ್ಕೆ 1,000ದಲ್ಲಿ ಎಷ್ಟು ತಪ್ಪಿತು ಅಂತ ಬರೀರಿ. ಅಷ್ಟೇ ಮುಖ್ಯ, ಪಕ್ಕದ ಟ್ರಾಲಿಯಲ್ಲಿ ಇನ್ನೊಂದು 50 ಇಟ್ಟು ಅದರಲ್ಲಿ ಎಷ್ಟು ಬೇಡದೇ ಓದಿತು ಅಂತಲೂ ನೋಡಿ. ಮಾರೋರು ಮೊದಲನೇ ಅಂಕಿ ಮಾತ್ರ ತೋರಿಸ್ತಾರೆ.

ಆಂಟೆನಾ_ಮಂಜು · 4:30
ಪಂಪ್‌ಗೂ ಹಾಗೇ: ಪ್ರತಿ ಬಾಗಿಲಲ್ಲಿ ಜನಸಂದಣಿ ಇರೋ ವೇಳೆ 50 ಸಲ ದಾಟಿಸಿ. ದಾಟದೆ ಬಾಗಿಲ ಪಕ್ಕ ಸುಮ್ಮನೆ ನಿಲ್ಲಿಸಿಯೂ ನೋಡಿ, ದಾಟಿತು ಅಂತ ಬರೆದರೆ ಪವರ್ ಜಾಸ್ತಿ ಇದೆ ಅಂತರ್ಥ.

ನೈಟ್‌ಶಿಫ್ಟ್_ಎನ್‌ಆರ್‌ಕಾಲೋನಿ · 4:44
ಪಂಪ್ ಎಂಆರ್‌ಐ ಕೋಣೆ ಕಡೆ ಹೋದರೆ?

ಆಂಟೆನಾ_ಮಂಜು · 4:47
ಲೋಹಕ್ಕೆ ಅಂತ ಮಾಡಿದ ಕೆಲವು ಟ್ಯಾಗ್‌ನಲ್ಲಿ ಫೆರೈಟ್ ಇರುತ್ತೆ, ಆಯಸ್ಕಾಂತ ಎಳೆಯುತ್ತೆ. ಮಾಮೂಲಿ ಪಂಪ್ ಎಂಆರ್‌ಐ ಕೋಣೆಯೊಳಗೆ ಹೋಗಲೇಬಾರದು, ಟ್ಯಾಗ್ ಇರಲಿ ಇಲ್ಲದಿರಲಿ. ಎಂಆರ್‌ಐಗೆ ಅಂತಲೇ ಇರೋ ಪಂಪ್‌ಗೆ ಅದರ ತಯಾರಕರ ಲಿಖಿತ ಒಪ್ಪಿಗೆ ಇಲ್ಲದೆ ಏನನ್ನೂ ಅಂಟಿಸಬೇಡಿ.

ವಾರ್ಡ್_ಶಾಲಿನಿ · 5:02
ಕೊನೆಗೆ ಒಂದು ಸಣ್ಣ ವಿಷಯ: ಪಂಪ್ ಅನ್ನ ದಿನಾ ಸ್ಪಿರಿಟ್, ಹೈಪೋಕ್ಲೋರೈಟ್‌ನಲ್ಲಿ ಒರೆಸ್ತಾರೆ. ಕಾಗದದ ಟ್ಯಾಗ್ ಹೆಚ್ಚು ದಿನ ನಿಲ್ಲಲ್ಲ. ಗಟ್ಟಿ ಪ್ಲಾಸ್ಟಿಕ್ ಕವಚದ್ದು ತಗೊಂಡು, ಅಂಚಿಗೆ ಸಿಲಿಕೋನ್ ಸೀಲಂಟ್ ಎಳೆದು, ಗಾಳಿ ಹೋಗೋ ಜಾಲರಿ ಮತ್ತು ಸೀರಿಯಲ್ ನಂಬರ್ ಫಲಕ ಮುಚ್ಚದ ಹಾಗೆ ಅಂಟಿಸಿ.

ಬಯೋಮೆಡ್_ಬನಶಂಕರಿ · 5:06
ಬರೆದುಕೊಂಡೆ ಮೇಡಂ.